ಮರ್ಯಾದೆಗೆ ತಕ್ಕ ಬ್ಯಾಟರಿ

ನಡುದಾರಿಯ ಕತ್ರಾನಾದಲ್ಲಿ ನೀರು ಕುಡಿಯಲು ನಿಲ್ಲಿಸಿದ ಕಾರು ಮತ್ತೆ ಹೊರಡಲಿಲ್ಲ. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಅಂದಿತು, ಅಷ್ಟೆ. ಬ್ಯಾಟರಿ ಸತ್ತಿತ್ತು. ಹಿಂದೆ ಸಾಲಾಗಿ ಬರುತ್ತಿದ್ದ ಕಾರುಗಳೂ ನಿಂತವು. ಎಲ್ಲರೂ ಮುತಸಿಮ್‌ನ ಕಡೆಯವರು, ಮಾದಬಾದಿಂದ ಕರಕ್‌ಗೆ ಅವನಿಗೆ ಹೆಣ್ಣು ಕೇಳಲು ಹೊರಟವರು. ಕೆಟ್ಟು ನಿಂತದ್ದು ಮುಂದಿನ ಕಾರು. ಅಲ್ಲಿ ಹೋಗಿ ಮಾತಾಡಬೇಕಾದ ಹಿರಿಯ, ಹುಡುಗನ ದೊಡ್ಡಪ್ಪ ಹಾಜಿ ದೈಫಲ್ಲಾನ ಕಾರು.

"ದೊಡ್ಡಪ್ಪ, ನನ್ನ ಕಾರಿಗೆ ಬನ್ನಿ," ಅಂದ ಮುತಸಿಮ್. "ಮುಳುಗೋ ಹೊತ್ತಿನ ನಮಾಜಿಗೆ ಮೊದಲೇ ಅಲ್ಲಿರಬೇಕು. ಆಮೇಲೆ ಅನೂದ್‌ನ ಕೇಳೋಕೆ ಇನ್ನೊಂದು ಮನೆಯೋರು ಬರ್ತಿದಾರೆ. ಮೊದಲು ಬಂದು ಕೇಳಿದೋರಿಗೆ ಕೊಡ್ತೀನಿ ಅಂದಿದಾರೆ ಅವಳಪ್ಪ."

"ನಿನ್ನ ಆ ಡಬ್ಬದಿಂದ ಇಳಿದ್ರೆ ಅವರು ನನಗೆ ಹೆಣ್ಣು ಕೊಡ್ತಾರೋ, ಚಿಲ್ಲರೆ ಕೊಡ್ತಾರೋ?"

"ಹಂಗಾದ್ರೆ ವೈರ್ ಹಾಕೋಣ. ನನ್ನ ಬ್ಯಾಟರಿಯಿಂದ ನಿಮ್ಮದು ಸ್ಟಾರ್ಟ್ ಆಗುತ್ತೆ."

"ಕರೆಂಟು ಭಿಕ್ಷೆ ಎತ್ಕೊಂಡು ಹೆಣ್ಣು ಕೇಳೋಕೆ ಹೋಗ್ಬೇಕೇನೋ? ನಡಿ, ಹೊಸದು ತಗೊಳ್ಳೋಣ."

ರಸ್ತೆಯಾಚೆ ಅಬು ಸಖರ್‌ನ ಬ್ಯಾಟರಿ ಅಂಗಡಿ. ಹಿರಿಯರೆಲ್ಲ ಒಳಗೆ ನುಗ್ಗಿದರು. ಅವರಲ್ಲಿ ಒಬ್ಬನೂ ಜನ್ಮದಲ್ಲಿ ಕಾರಿನ ಬಾನೆಟ್ ಎತ್ತಿದವನಲ್ಲ. ಆದರೆ ಎಲ್ಲರ ಹತ್ತಿರವೂ ಅಭಿಪ್ರಾಯವಿತ್ತು. ಒಬ್ಬ ಕೊರಿಯಾದ್ದೇ ಬೇಕು ಅಂದ. ಇನ್ನೊಬ್ಬ, ಕೊರಿಯಾದ್ದು ಒಂದು ಬೇಸಿಗೆಗೆ ಬೆಂದುಹೋಗುತ್ತೆ, ಜರ್ಮನಿದು ಹಾಕಿಸಿ ಅಂದ. ಮೂರನೆಯವನ ಅಳಿಯನ ಕಾರು ತುಕ್ಕು ಹಿಡಿದು ಗುಜರಿಗೆ ಹೋಗಿದ್ದರೂ ಬ್ಯಾಟರಿ ಇನ್ನೂ ಗಟ್ಟಿಯಾಗಿತ್ತಂತೆ. ಆದರೆ ಯಾವ ಕಂಪನಿಯದೆಂದು ಅವನಿಗೆ ನೆನಪಿಲ್ಲ. ಈ ಕಾರಿಗೆ ಯಾವ ಸೈಜು ಕೂರುತ್ತೆ ಎಂದು ಕೇಳಿದವನು ಮುತಸಿಮ್ ಒಬ್ಬನೇ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಮದುವೆಯಾಗುವವನ ಮಾತಿಗೆ ನಮ್ಮಲ್ಲಿ ಅಷ್ಟೇ ಬೆಲೆ.

ಬಂದವರಿಗೆಂದು ಅಬು ಸಖರ್ ಕಾಫಿ ಬಗ್ಗಿಸಿ ಕೊಟ್ಟ. ಕೆಟ್ಟದ್ದು ಅಲ್ಲೇ. ದೈಫಲ್ಲಾ ಲೋಟ ತಗೊಂಡು, ಕುಡಿಯದೆ, ಮುಂದಿದ್ದ ಬ್ಯಾಟರಿಯ ಮೇಲಿಟ್ಟ. ಅದನ್ನು ನೋಡಿ ಹಿಂದಿನವರೆಲ್ಲ ತಂತಮ್ಮ ಲೋಟ ಕೆಳಗಿಟ್ಟರು. ಹೆಣ್ಣಿನ ಮನೆಯಲ್ಲಿ ಮಾಡುವುದು ಹಾಗೇ, ಹೆಣ್ಣಿನ ಕಡೆಯವರು ಕೊಟ್ಟೆವು ಅನ್ನುವವರೆಗೆ ಕಾಫಿ ಮುಟ್ಟುವುದಿಲ್ಲ. ಮೈಗಂಟಿದ ಅಭ್ಯಾಸ. ದೈಫಲ್ಲಾನಿಗೆ ಬೇಕಾಗಿದ್ದದ್ದು ಬೆಲೆಯಲ್ಲಿ ಸ್ವಲ್ಪ ಇಳಿಕೆ, ಇನ್ನೇನಲ್ಲ.

"ಅಬು ಸಖರ್, ನಿನ್ನ ಹತ್ರ ನಮ್ಮದೊಂದು ಕೋರಿಕೆ ಇದೆ," ಅಂದ, ಗಂಟಲು ಸರಿಮಾಡಿಕೊಂಡು.

ಸ್ವಂತ ತಮ್ಮನ ಹತ್ತಿರವೂ ಅರ್ಧ ದಿನಾರಿಗೆ ಜಗಳ ಕಾಯುವವನು ಈ ಅಬು ಸಖರ್. ಆದರೆ ಅಷ್ಟೊಂದು ಗಡ್ಡ, ಅಷ್ಟೊಂದು ರುಮಾಲು, ಆರುತ್ತಿರುವ ಅಷ್ಟೊಂದು ಕಾಫಿ ನೋಡಿ ಅವನ ಎದೆ ಉಬ್ಬಿತು. ಪಕ್ಕದ ಟೈರ್ ಅಂಗಡಿಯವನನ್ನೂ ಕಬಾಬಿನವನನ್ನೂ ಕರೆಸಿ ತನ್ನ ಕಡೆಯ ಹಿರಿಯರಾಗಿ ಕೂರಿಸಿಕೊಂಡ. "ಹೇಳಿ, ಕೇಳ್ತೀವಿ," ಅಂದ.

ದೇವರು ಭೂಮಿ ಸೃಷ್ಟಿಸಿದಲ್ಲಿಂದ ಶುರು ಮಾಡಿದ ದೈಫಲ್ಲಾ. ಮುತ್ತಜ್ಜನ ಕುದುರೆಯ ಹತ್ತಿರ ಬರುವ ಹೊತ್ತಿಗೆ ಬಿಸಿಲು ಹಳದಿಗೆ ತಿರುಗಿತ್ತು.

"ದೊಡ್ಡಪ್ಪ, ಬ್ಯಾಟರಿ..."

"ಮುಚ್ಚೋ ಬಾಯಿ. ಹಿರಿಯರು ಮಾತಾಡೋದು ಕಾಣಲ್ವಾ?"

ಕೊನೆಗೆ ಅಬು ಸಖರ್ ಎದ್ದು ಎದೆಯ ಮೇಲೆ ಕೈಯಿಟ್ಟ. "ಕೇಳಿದ್ದು ಕೊಟ್ಟೆ. ದುಡ್ಡು ಬೇಡ. ಅದೂ ಎಂಥದ್ದು ಕೊಡ್ತೀನಿ? ನಿಮ್ಮ ಮರ್ಯಾದೆಗೆ ತಕ್ಕದ್ದು, ಅಂಗಡಿಲಿರೋದ್ರಲ್ಲೇ ದೊಡ್ಡದು. ಕುಡೀರಿ ಕಾಫಿ!"

ಎಲ್ಲರೂ ಕುಡಿದರು. ಅಪ್ಪಿಕೊಂಡರು. ಟೈರಿನವನು ಕಣ್ಣೊರೆಸಿಕೊಂಡ.

ಇಬ್ಬರು ಏದುಸಿರು ಬಿಡುತ್ತ ಹೊತ್ತು ತಂದದ್ದು ಲಾರಿ ಬ್ಯಾಟರಿ. ಹಳೆಯದನ್ನು ಕಿತ್ತ ಜಾಗದಲ್ಲಿ ಅದರ ಅರ್ಧವೂ ಇಳಿಯಲಿಲ್ಲ.

"ಇದು ಕೂರಲ್ಲ," ಅಂದ ಮುತಸಿಮ್. "ಒಂದು ಸಣ್ಣದು ಕೊಡಿ ಸಾಕು, ದುಡ್ಡು ನಾನು ಕೊಡ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಹೊತ್ತಾಯ್ತು."

ಅಬು ಸಖರ್‌ನ ಮುಖ ಕಪ್ಪಿಟ್ಟಿತು. "ಕೊಟ್ಟಿದ್ದು ವಾಪಸ್ಸಾ? ನನ್ನ ಅಂಗಡಿ ಬಾಗಿಲಲ್ಲೇ?"

ದೈಫಲ್ಲಾ ಹುಡುಗನ ಮೇಲೆ ಹಾರಿಬಿದ್ದ. "ನಾಚಿಕೆ ಆಗಲ್ವೇನೋ ನಿನಗೆ? ಇಷ್ಟು ಜನ ಕೂತು ಕೇಳಿ ತಗೊಂಡಿದ್ದಕ್ಕೆ ಸೈಜ್ ಸರಿಯಿಲ್ಲ ಅಂತೀಯಾ? ನಾಳೆ ಕಟ್ಕೊಂಡೋಳಿಗೂ ಹಿಂಗೇ ಅಂತೀಯಾ?"

ಅಷ್ಟರಲ್ಲಿ ಮಸೀದಿಯಿಂದ ಮುಳುಗುವ ಹೊತ್ತಿನ ಬಾಂಗ್ ಕೇಳಿಸಿತು. ಹಿರಿಯರು ಒಟ್ಟಿಗೆ ನಿಂತು ನಮಾಜು ಮುಗಿಸಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು ದೈಫಲ್ಲಾನ ಕೈ ಕುಲುಕಿದರು. ಎಂಥಾ ಮಾತು, ಎಂಥಾ ಮಾತು ಎಂದರು. ಮುತಸಿಮ್‌ನ ಫೋನು ಹೊಡೆದುಕೊಂಡಿತು. ಅನೂದ್ ಪಿಸುಗುಟ್ಟುತ್ತಿದ್ದಳು.

"ಎಲ್ಲಿದ್ದೀಯೋ? ಅವರು ಬಂದು ಕೂತ್ಬಿಟ್ರು. ಕಾಫಿ ಕೊಟ್ಟಾಯ್ತು. ಅಪ್ಪ ಇನ್ನೂ ಬಾಗಿಲ ಕಡೆನೇ ನೋಡ್ತಿದಾರೆ. ನಿಮ್ಮೋರು ಏನಂತಾರೆ?"

ಮುತಸಿಮ್ ತಿರುಗಿ ನೋಡಿದ. ಕಾರುಗಳು ಆಗಲೇ ತಿರುಗಿ ಮಾದಬಾದ ಕಡೆ ಮುಖ ಮಾಡಿ ನಿಂತಿದ್ದವು.

"ಒಪ್ಪಿದ್ರು ಅಂತಿದಾರೆ," ಅಂದ.

ದೈಫಲ್ಲಾನ ಕಾರನ್ನು ಅಂಗಡಿ ಮುಂದೆಯೇ ಬಿಟ್ಟು, ಹೆಣ್ಣು ಗೊತ್ತಾದಾಗ ಬಾರಿಸುವ ಹಾಗೆ ಹಾರ್ನ್ ಬಾರಿಸುತ್ತ ಎಲ್ಲರೂ ಊರಿಗೆ ಹೊರಟರು. ಕೊನೆಯ ಕಾರು ಮುತಸಿಮ್‌ನದು. ಅವನ ಪಕ್ಕದ ಸೀಟಿನಲ್ಲಿ, ಬೆಲ್ಟು ಬಿಗಿಸಿಕೊಂಡು, ಲಾರಿ ಬ್ಯಾಟರಿ ಕೂತಿತ್ತು.