ಅಕ್ಕನ ಕೈಯ ಹೆಪ್ಪು

ಗಂಡನ ಕಾಲಿಗೆಂದು ಮನೆಯಲ್ಲಿ ಬೆಳೆಸುತ್ತಿದ್ದ ರಕ್ತನಾಳದ ತಟ್ಟೆಯನ್ನು ನೀಲವ್ವ ಮೊಸರಿನ ಗಡಿಗೆಯ ಪಕ್ಕದಿಂದ ಇಳಿಸಿದಳು. ಈ ಸಲವೂ ನಾಳ ಮೂಡಿರಲಿಲ್ಲ. ಜೀವಕೋಶಗಳು ಅರಿವೆಯ ಮೇಲೆ ಒಣಹಾಕಿದ ಸಂಡಿಗೆಯಂತೆ ಚಪ್ಪಟೆಯಾಗಿ ಬಿದ್ದಿದ್ದವು.

ಗಂಡಸರ ನಾಳಕ್ಕೆ ಒಡಹುಟ್ಟಿದವಳೇ ಜೀವಕೋಶಗಳಡಿಯ ಜೆಲ್ ಹೆಪ್ಪುಹಾಕಬೇಕೆಂಬುದು ಓಣಿಯ ರೂಢಿ. ಹಾಗಾಗಿ ನೀಲವ್ವ ಅದನ್ನೆಂದೂ ಮುಟ್ಟಿರಲಿಲ್ಲ. ಇಂದು ಹೆಬ್ಬೆರಳಿಂದ ಒತ್ತಿ ನೋಡಿದಳು. ಕೂಸಿನ ಗಲ್ಲದಷ್ಟು ಮೆತ್ತಗಿರಬೇಕಾದ ಹೆಪ್ಪು ಬರ್ಫಿಯಂತೆ ಗಟ್ಟಿಯಾಗಿತ್ತು. ಮೆತ್ತಗಿದ್ದರಷ್ಟೇ ಜೀವಕೋಶಗಳು ಸುತ್ತಿಕೊಂಡು ನಾಳವಾಗುತ್ತಿದ್ದವು.

“ಅಕ್ಕಾರ, ಓಣಿ ಮಂದಿಗೆಲ್ಲಾ ಮೆತ್ತಗ ಹಾಕಿಕೊಡ್ತೀರಿ. ನಿಮ್ಮ ತಮ್ಮಗ ಯಾಕ ಹಿಂಗ ಗಟ್ಟಿ?”

ಗಂಡನ ಅಕ್ಕ ಕಸ್ತೂರವ್ವ ಸೊಪ್ಪು ಸೋಸುತ್ತಲೇ ಹೇಳಿದಳು: “ಕಾಲು ನೆಟ್ಟಗಾದ್ರ ಅವನ್ನ ಕರ್ಕೊಂಡು ಬ್ಯಾರೆ ಮನಿ ಮಾಡ್ತೇನಿ ಅಂದಿದ್ದಿ. ನಾ ಒಬ್ಬಾಕಿ ಇಲ್ಲಿ ಏನ್ ಮಾಡ್ಲಿ?”

ನೀಲವ್ವ ತಟ್ಟೆಯನ್ನು ಕೆಳಗಿಟ್ಟಳು. ಮದುವೆಯಾದಾಗಿನಿಂದ ಇದೇ ಕೈಯ ಅನ್ನ ಉಂಡಿದ್ದಳು. ತವರಿನವರಿಗಿಂತ ಹೆಚ್ಚಾಗಿ ಇವಳನ್ನು ನಂಬಿದ್ದಳು.

ಒಳಗಿನಿಂದ ಗಂಡ ಕೂಗಿದ: “ನೀಲಾ, ಈ ಸಲಾನೂ ಕೆಡ್ತೇನು? ಇರ್ಲಿ ಬಿಡು. ಮತ್ತ ಅಕ್ಕನ ಕೈಲೇ ಹಾಕಸು. ಆಕಿ ಕೈಗುಣ ಭಾಳ ಚಲೋ.”

ಕಸ್ತೂರವ್ವ ಸೆರಗಿಗೆ ಕೈ ಒರೆಸಿಕೊಂಡು ಹೊಸ ತಟ್ಟೆಗೆ ಕೈ ಚಾಚಿದಳು.