ಶೂರಸೇನನ ವಂಶದವರು

ಹೆಣ್ಣು ನೋಡಲು ಬಂದ ಗಂಡಿನ ತಂದೆ ಜಗಲಿಯ ಕುರ್ಚಿಯಲ್ಲಿ, ಬಗಲಲ್ಲೆಲ್ಲ ಚಿಗುರೊಡೆದಿದ್ದ ಟೊಮೆಟೊ ಗಿಡದ ಕುಂಡದ ಪಕ್ಕ ಕೂತರು. ಕಣ್ಣು ನೇರವಾಗಿ ಹೆಣ್ಣಿನ ತಂದೆಯ ಉಗುರಿಗೆ ಹೋಯಿತು.

“ಏನ್ರೀ ಅದು ಹಸಿರು? ಬೀಗರು ಬರ್ತಾರೆ ಅಂದ್ರೆ ಕೈಯಾದ್ರೂ ತೊಳೀಬಾರ್ದಾ?”

“ತೊಳೆದೆ ಸ್ವಾಮಿ. ಬೆಳಗ್ಗೆಯಿಂದ ತೋಟದಲ್ಲಿ ಟೊಮೆಟೊ ಗಿಡದ ಬಗಲ ಚಿಗುರು ಚಿವುಟ್ತಿದ್ದೆ. ಹಾಗೇ ಬಿಟ್ರೆ ಕಾಯಿ ಸರಿಯಾಗಿ ಕಚ್ಚಲ್ಲ. ಆ ಕಲೆ ಬೇಗ ಹೋಗಲ್ಲ.”

“ಹೆಸರಿನ ಮುಂದೆ ಸೈನಿ ಅಂತ ನಮ್ಮ ಜಾತಿ ಹೆಸರು ಅಂಟಿಸ್ಕೊಂಡ್ರೆ ತೋಟದ ಮಾಲಿ ಸೈನಿ ಆಗ್ಬಿಡ್ತಾನೇನ್ರೀ? ನಿಜವಾದ ಸೈನಿಗಳು ನಾವು, ಶೂರಸೇನ ಮಹಾರಾಜನ ವಂಶ. ನಮ್ಮದು ಕತ್ತಿ ಹಿಡಿದ ಕೈ. ತರಕಾರಿ ಬೆಳೆಯೋದು ನಮ್ಮನೇಲಿ ಯಾರಿಗೂ ಗೊತ್ತಿಲ್ಲ.”

“ನಮ್ಮಜ್ಜನೂ ಇದೇ ಶೂರಸೇನನ ಕಥೆ ಹೇಳ್ತಿದ್ದ, ಕಳೆ ಕೀಳ್ತಾ.”

“ಹೇಳ್ದೇ ಇರ್ತಾನಾ! ಕಥೆಗೇನು ಕಾಸು ಕೊಡಬೇಕಾ?”

ಆಮೇಲೆ ಕೋಟೆ, ಕುದುರೆ, ಯುದ್ಧ ಎಂದು ಅರ್ಧ ಗಂಟೆ ಕೊರೆದರು. ಮಗಳು ತಂದಿಟ್ಟ ಚಹಾವನ್ನು ಮುಟ್ಟಲೂ ಇಲ್ಲ.

“ಮಣ್ಣು ಕೆದಕೋರ ಮನೆ ಹೆಣ್ಣು ನಮಗೆ ಬೇಡ,” ಎಂದು ಎದ್ದು ಕೈಮುಗಿದರು.

ಪಕ್ಕದ ಕುಂಡದ ಗಿಡದಲ್ಲಿ ಒಂದು ಬಗಲ ಚಿಗುರೂ ಉಳಿದಿರಲಿಲ್ಲ. ಅವರ ಮುಗಿದ ಕೈಯ ಉಗುರುಗಳೂ ಹಸಿರಾಗಿದ್ದವು.