ಒನಕೆ ನಿಂತ ದಿನ

ಮರುದಿನ ಸೂರ್ಯಗ್ರಹಣವಿತ್ತು. ಗ್ರಹಣ ಬಿಡುವವರೆಗೆ ಯಾರೂ ಒಂದು ತುತ್ತನ್ನೂ ಬಾಯಿಗಿಡುವಂತಿಲ್ಲ, ಮಾಡಿಟ್ಟ ಅಡುಗೆಯಿದ್ದರೆ ಅದು ಹಸುವಿನ ಪಾಲು ಎಂದು ಅತ್ತೆ ಅಪ್ಪಣೆ ಹೊರಡಿಸಿದ್ದರು. ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವ ಸೊಸೆಗೆ ಹಸಿವು ತಡೆಯುವ ಅಭ್ಯಾಸವೇ ಇರಲಿಲ್ಲ.

"ಗ್ರಹಣಕ್ಕೆ ಅಷ್ಟು ಶಕ್ತಿ ಇದೆ ಅಂತ ಹೇಗೆ ಹೇಳ್ತೀರಿ, ಅತ್ತೆ?"

"ಗ್ರಹಣದ ಹೊತ್ತಲ್ಲಿ ತಟ್ಟೆ ನೀರಲ್ಲಿ ಒನಕೆ ನೆಟ್ಟಗೆ ನಿಲ್ಲತ್ತೆ. ಬೇರೆ ದಿನ ಏನು ಮಾಡಿದ್ರೂ ನಿಲ್ಲಲ್ಲ. ಇನ್ನೇನು ಬೇಕು ನಿಂಗೆ?"

ಸೊಸೆಗೆ ಒಳಗೊಳಗೇ ಖುಷಿಯಾಯಿತು. ಸುಳ್ಳೆಂದು ತೋರಿಸಲು ದಾರಿಯೇ ಇಲ್ಲದ ಮಾತು ವಿಜ್ಞಾನವಲ್ಲ ಎಂದು ಅವಳು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದಳು. ಅತ್ತೆಯ ಮಾತಿಗೆ ಅಂಥದೊಂದು ದಾರಿ ತಾನಾಗಿ ತೆರೆದಿತ್ತು.

"ಇವತ್ತು ಗ್ರಹಣ ಇಲ್ಲ ತಾನೆ? ಇವತ್ತೇ ಒನಕೆ ನಿಂತ್ರೆ ನಾಳೆ ನನಗೆ ಊಟ ಹಾಕ್ತೀರಾ?"

"ಮೊದ್ಲು ನಿಲ್ಸು, ಆಮೇಲೆ ನೋಡೋಣ."

ಒಲೆಯ ಮೇಲೆ ಮಧ್ಯಾಹ್ನದ ಬಿಸಿಬೇಳೆ ಬಾತ್ ಘಮಘಮಿಸುತ್ತಿತ್ತು. ಸೊಸೆ ಹಿತ್ತಾಳೆ ತಟ್ಟೆಗೆ ನೀರು ಸುರಿದಳು. ಒನಕೆಯನ್ನು ಅದರಲ್ಲಿಟ್ಟು ಅತ್ತ ಇತ್ತ ಸರಿಸಿ, ಉಸಿರು ಬಿಗಿಹಿಡಿದು ಮೆಲ್ಲಗೆ ಕೈ ಬಿಟ್ಟಳು. ಒನಕೆ ನಿಂತಿತು. ಒಂದಿಷ್ಟೂ ಅಲುಗದೆ, ಕಾವಲುಗಾರನ ಹಾಗೆ ನಿಂತಿತು.

"ನೋಡಿದ್ರಾ ಅತ್ತೆ!" ಎಂದು ಸೊಸೆ ಚಪ್ಪಾಳೆ ತಟ್ಟಿದಳು.

ಅತ್ತೆ ಒನಕೆಗೆ ಒಂದು ಸುತ್ತು ಬಂದರು. ಅವರ ಮುಖ ಗಂಭೀರವಾಯಿತು.

"ಸದ್ಯ, ನೀನು ನಿಲ್ಸಿ ನೋಡಿದ್ದು ಒಳ್ಳೇದಾಯ್ತು ಕಣೇ. ಇವತ್ತೂ ಗ್ರಹಣ ಹಿಡಿದಿದೆ, ಪಂಚಾಂಗದೋರಿಗೆ ಗೊತ್ತೇ ಆಗಿಲ್ಲ ನೋಡು!" ಎಂದವರೇ ಬಿಸಿಬೇಳೆ ಬಾತಿನ ಪಾತ್ರೆಯನ್ನು ಎತ್ತಿಕೊಂಡು, ಹಸುವನ್ನು ಕೂಗುತ್ತ ಹಿತ್ತಲಿಗೆ ನಡೆದರು.